ಚಕ್ರದ ಮೇಲಿನ ಹಾಸಿಗೆ ಯಾರದ್ದು?

ವ್ಯಾನ್ ಲೈಫ್ ಅನ್ನೋ ಪದ ಈಗ ನಿಮ್ಮ ಕಿವಿಗೂ ಬಿದ್ದಿರುತ್ತೆ. ಒಂದು ವ್ಯಾನ್ ಕೊಳ್ಳೋದು. ಒಳಗೆ ಹಾಸಿಗೆ, ಒಲೆ, ಸಿಂಕು ಕೂರಿಸೋದು. ಮೇಲೆ ಸೋಲಾರ್ ಪ್ಯಾನಲ್ ಹಾಕಿಸೋದು. ಆಮೇಲೆ ಮನೆಗೆ ಬೀಗ ಹಾಕಿ ದೇಶ ಸುತ್ತೋಕೆ ಹೊರಟುಬಿಡೋದು. ಯೂಟ್ಯೂಬ್ ತೆರೆದರೆ ಇಂಥ ವಿಡಿಯೋಗಳಿಗೆ ಬರವಿಲ್ಲ. ನೋಡೋಕೂ ಚೆನ್ನಾಗಿದೆ. ಸಾಲ ಮಾಡಿ ಮನೆ ಕಟ್ಟಿ, ಆ ಸಾಲ ತೀರಿಸೋದರಲ್ಲೇ ಆಯಸ್ಸು ಕಳೆಯುವವರಿಗೆ ಅದೊಂದು ಕನಸಿನ ಹಾಗೆ ಕಾಣೋದೂ ಸಹಜ.

ನಾನು ಅದನ್ನು ಟೀಕಿಸೋಕೆ ಹೊರಟಿಲ್ಲ. ಆದರೆ ಈ ಗಾಡಿಗಳಿಗೆ ಒಂದು ಇತಿಹಾಸ ಇದೆ. ಅದನ್ನು ಇವತ್ತು ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ನೋಡೋಣ. ಗಾಡಿ ಕಟ್ಟಿದವರು ಅದರೊಳಗಿನ ಹಾಸಿಗೆಯನ್ನು ಯಾರಿಗೆ ಅಂತ ಹಾಕಿದರು? ಪ್ರಶ್ನೆ ಚಿಕ್ಕದು. ಉತ್ತರ ಹುಡುಕುತ್ತಾ ಹೋದರೆ ನಮ್ಮ ಹೆದ್ದಾರಿಗೇ ಬಂದು ನಿಲ್ಲಬೇಕಾಗುತ್ತೆ.

ಗಾಡಿಯಲ್ಲಿ ಮನೆ ಮಾಡಿಕೊಂಡು ಬದುಕೋದು ಶ್ರೀಮಂತರು ಕಂಡುಹಿಡಿದದ್ದಲ್ಲ. ಯುರೋಪಿನಲ್ಲಿ ರೋಮಾ ಜನ, ಅಂದರೆ ನಾವು ಜಿಪ್ಸಿಗಳು ಅಂತ ಕರೆಯುವವರು, ಕುದುರೆ ಗಾಡಿಯೊಳಗೇ ಸಂಸಾರ ಮಾಡುತ್ತಿದ್ದರು. ನಮ್ಮಲ್ಲಿ ರಾಜಸ್ಥಾನದ ಗಾಡಿಯಾ ಲೋಹಾರರು ಇದ್ದಾರೆ. ಹೆಸರಲ್ಲೇ ಗಾಡಿ ಇದೆ. ಕಬ್ಬಿಣದ ಕೆಲಸ ಮಾಡುವ ಕಮ್ಮಾರರು. 1568ರಲ್ಲಿ ಚಿತ್ತೋಡ ಕೋಟೆ ಅಕ್ಬರನ ಕೈಗೆ ಬಿದ್ದಾಗ ಅವರ ಪೂರ್ವಿಕರು ಶಪಥ ಮಾಡಿದರು ಅನ್ನೋದು ಆ ಸಮುದಾಯದಲ್ಲಿ ನಡೆದುಬಂದ ಕಥೆ. ಚಿತ್ತೋಡ ಮತ್ತೆ ನಮ್ಮದಾಗುವವರೆಗೆ ಸೂರಿನ ಕೆಳಗೆ ನೆಲೆ ನಿಲ್ಲೋದಿಲ್ಲ ಅನ್ನೋ ಶಪಥ. ಅಲ್ಲಿಂದ ಎತ್ತಿನ ಗಾಡಿಯೇ ಅವರ ಮನೆ. ಅಂಗಡಿಯೂ ಅದೇ, ಹೆರಿಗೆಯ ಕೋಣೆಯೂ ಅದೇ. ನಮ್ಮ ಕರ್ನಾಟಕದ ಲಂಬಾಣಿಗಳ ಪೂರ್ವಿಕರೂ ಹೀಗೇ ಅಲೆದವರು. ಎತ್ತುಗಳ ಬೆನ್ನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ತಂಡ ತಂಡವಾಗಿ ನಡೆದು ಸೈನ್ಯಗಳಿಗೆ ಸಾಮಾನು ಮುಟ್ಟಿಸಿದವರು. ಇವರಿಗೆಲ್ಲ ಅಲೆಮಾರಿಗಳು ಅಂತ ಹೆಸರು ಬಂತು. ಪೊಲೀಸರು ಅನುಮಾನದಿಂದ ನೋಡಿದರು. ಬ್ರಿಟಿಷ್ ಸರ್ಕಾರವಂತೂ 1871ರಲ್ಲಿ ಕಾಯ್ದೆ ತಂದು ಇಂಥ ಅನೇಕ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳು ಅನ್ನೋ ಹಣೆಪಟ್ಟಿ ಕಟ್ಟಿತು.

ಅದೇ ಬ್ರಿಟನ್‌ನಲ್ಲಿ, ಅದಾದ 14 ವರ್ಷಕ್ಕೆ ಏನಾಯ್ತು ನೋಡಿ. ಗಾರ್ಡನ್ ಸ್ಟೇಬಲ್ಸ್ ಅಂತ ನೌಕಾಪಡೆಯ ಒಬ್ಬ ನಿವೃತ್ತ ವೈದ್ಯ. ಪುಸ್ತಕ ಬರೆಯುತ್ತಿದ್ದ ಮನುಷ್ಯ. ಜಿಪ್ಸಿಗಳ ಗಾಡಿ ನೋಡಿ ಆಸೆಯಾಯಿತು. 1885ರಲ್ಲಿ ಬ್ರಿಸ್ಟಲ್ ವ್ಯಾಗನ್ ವರ್ಕ್ಸ್ ಕಾರ್ಖಾನೆಯಲ್ಲಿ ತನಗೊಂದು ಗಾಡಿ ಕಟ್ಟಿಸಿದ. ಹೆಸರು ವಾಂಡರರ್, ಅಲೆಮಾರಿ ಅಂತಲೇ ಅರ್ಥ. ಮಹಾಗನಿ ಮರದ ಕೆಲಸ, ಪುಸ್ತಕದ ಕಪಾಟು, ಒಲೆ ಎಲ್ಲ ಇದ್ದ ಕುದುರೆ ಗಾಡಿ. ಜೊತೆಗೆ ಒಬ್ಬ ಸಾರಥಿ, ಒಬ್ಬ ಸೇವಕ. ಆ ಸೇವಕ ಮೂರು ಚಕ್ರದ ಸೈಕಲ್ ತುಳಿಯುತ್ತಾ ಮುಂದೆ ಮುಂದೆ ಹೋಗಿ ದಾರಿ ಬಿಡಿಸಬೇಕು! ಇಂಗ್ಲೆಂಡಿನಿಂದ ಸ್ಕಾಟ್‌ಲ್ಯಾಂಡ್‌ವರೆಗೆ ಪ್ರಯಾಣ ಮಾಡಿದ. ಮೋಜಿಗಾಗಿಯೇ ಕಟ್ಟಿದ ಮೊದಲ ಕ್ಯಾರವಾನ್ ಅಂತ ಇತಿಹಾಸ ಅದನ್ನೇ ಹೆಸರಿಸುತ್ತೆ. ಇವತ್ತಿಗೂ ಆ ಗಾಡಿಯನ್ನು ಜೋಪಾನವಾಗಿ ಇಟ್ಟಿದ್ದಾರೆ.

ಗಮನಿಸಿದಿರಾ? ಬೇರೆ ದಾರಿಯಿಲ್ಲದೆ ಗಾಡಿಯಲ್ಲಿ ಮಲಗಿದವನು ಅನುಮಾನಕ್ಕೆ ಗುರಿಯಾದ. ಆಸೆಪಟ್ಟು ಗಾಡಿಯಲ್ಲಿ ಮಲಗಿದವನು ಪುಸ್ತಕದೊಳಗೆ ಸೇರಿದ. ಮೋಟಾರು ಬಂದ ಮೇಲೂ ಈ ಗೆರೆ ಅಳಿಸಲಿಲ್ಲ.

ಮೋಟಾರಿನ ಕಥೆಗೆ ಬರೋಣ. ಎರಡನೇ ಮಹಾಯುದ್ಧ ಮುಗಿದಿತ್ತು. ಜರ್ಮನಿಯ ವೋಲ್ಫ್ಸ್‌ಬರ್ಗ್‌ನಲ್ಲಿದ್ದ ಫೋಕ್ಸ್‌ವ್ಯಾಗನ್ ಕಾರ್ಖಾನೆ ಬ್ರಿಟಿಷ್ ಸೇನೆಯ ಉಸ್ತುವಾರಿಯಲ್ಲಿತ್ತು. ಅಲ್ಲಿಗೆ ಬೆನ್ ಪೋನ್ ಅನ್ನೋ ಡಚ್ ವ್ಯಾಪಾರಿ ಕಾರು ಕೊಳ್ಳೋಕೆ ಬಂದ. ಕಾರ್ಖಾನೆಯೊಳಗೆ ಸಾಮಾನು ಸಾಗಿಸೋಕೆ ಕಾರ್ಮಿಕರು ಬೀಟಲ್ ಕಾರಿನ ತಳಕ್ಕೆ ಹಲಗೆ ಹೊಡೆದು ಒಂದು ಗಾಡಿ ಮಾಡಿಕೊಂಡಿದ್ದರು. ಅದು ಬೆನ್ ಪೋನ್ ಕಣ್ಣಿಗೆ ಬಿತ್ತು. 1947ರ ಏಪ್ರಿಲ್ 23ರಂದು ತನ್ನ ನೋಟ್‌ಬುಕ್ಕಿನಲ್ಲಿ ಒಂದು ಚಿತ್ರ ಗೀಚಿದ. ಡಬ್ಬಿಯಂಥ ಗಾಡಿ. ಚಾಲಕ ತೀರಾ ಮುಂದೆ, ಎಂಜಿನ್ ತೀರಾ ಹಿಂದೆ, ನಡುವೆ ಪೂರ್ತಿ ಸರಕು. ಆ ಗೀಚೇ 1950ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನ್ ಆಗಿ ರಸ್ತೆಗಿಳಿಯಿತು. ಎಂಜಿನ್ ಶಕ್ತಿ ಬರೀ 25 ಅಶ್ವಶಕ್ತಿ. ಇವತ್ತಿನ ಎಷ್ಟೋ ಮೋಟಾರ್‌ಸೈಕಲ್‌ಗಳೂ ಅದನ್ನು ನೋಡಿ ನಗಬಹುದು!

ಅದು ಸರಕಿನ ವ್ಯಾನ್. ಬ್ರೆಡ್ಡು, ಹಾಲು, ತರಕಾರಿ ಸಾಗಿಸುವ ವ್ಯಾನ್. ಹಾಸಿಗೆ ಬಂದಿದ್ದು 1951ರಲ್ಲಿ. ವೆಸ್ಟ್‌ಫಾಲಿಯಾ ಅಂತ ಒಂದು ಕಂಪನಿ. 1844ರಲ್ಲಿ ಕಮ್ಮಾರಸಾಲೆಯಾಗಿ ಶುರುವಾಗಿ, ಕುದುರೆ ಗಾಡಿ ಕಟ್ಟುತ್ತಾ ಬೆಳೆದ ಮನೆತನ. ಅವರು ಕ್ಯಾಂಪಿಂಗ್ ಬಾಕ್ಸ್ ಅಂತ ಒಂದು ಪೆಟ್ಟಿಗೆ ತಯಾರಿಸಿದರು. ಅದರಲ್ಲಿ ಬೆಂಚು, ಬಿಚ್ಚಿದರೆ ಹಾಸಿಗೆ, ಕಪಾಟು. ಶನಿವಾರ ವ್ಯಾನಿನೊಳಗೆ ಇಡಬೇಕು, ಸೋಮವಾರ ಹೊರಗೆ ತೆಗೀಬೇಕು. ವಾರವೆಲ್ಲ ದುಡಿಮೆ, ವಾರದ ಕೊನೆಗೆ ಪ್ರವಾಸ. ಎರಡು ಗಾಡಿ ಕೊಳ್ಳುವ ತಾಕತ್ತಿಲ್ಲದ, ಯುದ್ಧದಲ್ಲಿ ಸೋತು ಸುಣ್ಣವಾದ ದೇಶದ ಸಾಮಾನ್ಯನಿಗೆ ಹೊಳೆದ ಉಪಾಯ ಇದು. ಇಂಗ್ಲೆಂಡಿನಲ್ಲೂ ಅದೇ ಹೊತ್ತಿಗೆ ಮಾರ್ಟಿನ್ ವಾಲ್ಟರ್ ಕಂಪನಿ ಬೆಡ್‌ಫೋರ್ಡ್ ವ್ಯಾನುಗಳ ಸೀಟನ್ನು ಹಾಸಿಗೆ ಮಾಡಿ ಡಾರ್ಮೊಬೈಲ್ ಅಂತ ಮಾರತೊಡಗಿತು. ಮುಂದೆ ಚಾವಣಿಯನ್ನು ಪಕ್ಕಕ್ಕೆ ಎತ್ತಿ ನಿಲ್ಲಿಸಿ, ಕ್ಯಾನ್ವಾಸ್ ಬಟ್ಟೆಯ ಗೋಡೆ ಮಾಡುವ ವಿನ್ಯಾಸವೂ ಅವರದ್ದೇ. ತಲೆ ತಗ್ಗಿಸದೆ ನಿಲ್ಲುವಷ್ಟು ಎತ್ತರ ಸಿಕ್ಕಿತು.

ಈಗ 1955ಕ್ಕೆ ಬನ್ನಿ. ಆ ಒಂದು ವರ್ಷದಲ್ಲಿ ಎರಡು ಘಟನೆ.

ಏಪ್ರಿಲ್‌ನಲ್ಲಿ ಪ್ರಧಾನಿ ಜವಾಹರಲಾಲ್ ನೆಹರು ಚಿತ್ತೋಡಕ್ಕೆ ಬಂದರು. ಗಾಡಿಯಾ ಲೋಹಾರರನ್ನು ಕೋಟೆಯೊಳಗೆ ಕರೆದುಕೊಂಡು ಹೋದರು. ದೇಶ ಸ್ವತಂತ್ರವಾಗಿದೆ, ನಿಮ್ಮ ಶಪಥ ಪೂರೈಸಿದೆ, ಇನ್ನು ನೆಲೆ ನಿಲ್ಲಿ ಅನ್ನೋ ಸಂದೇಶ ಅದು. ಸುಮಾರು 400 ವರ್ಷದ ಅಲೆದಾಟಕ್ಕೆ ಸಾಂಕೇತಿಕವಾಗಿ ತೆರೆ ಬಿತ್ತು. ಸಾಂಕೇತಿಕವಾಗಿ ಅಂತ ಯಾಕೆ ಹೇಳಿದೆ ಗೊತ್ತಾ? ಉತ್ತರ ಭಾರತದ ಊರುಗಳ ರಸ್ತೆ ಬದಿಯಲ್ಲಿ ಆ ಸಮುದಾಯದ ಕುಟುಂಬಗಳು, ಅವರ ಗಾಡಿ, ಅವರ ತಿದಿ ಇವತ್ತಿಗೂ ಕಾಣುತ್ತವೆ.

ಅದೇ ವರ್ಷ ಸೆಪ್ಟೆಂಬರ್ 1. ಲಂಡನ್‌ನಿಂದ ಆರು ಜನ ಹುಡುಗರು ಹೊರಟರು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು. ಎರಡು ಲ್ಯಾಂಡ್ ರೋವರ್. ಒಂದಕ್ಕೆ ಆಕ್ಸ್‌ಫರ್ಡ್‌ನ ಕಡುನೀಲಿ, ಇನ್ನೊಂದಕ್ಕೆ ಕೇಂಬ್ರಿಡ್ಜ್‌ನ ತಿಳಿನೀಲಿ. ಗುರಿ ಸಿಂಗಪುರ. ಆಗ ಬಿಬಿಸಿಯಲ್ಲಿ ಕಿರಿಯ ನಿರ್ಮಾಪಕರಾಗಿದ್ದ ಡೇವಿಡ್ ಅಟೆನ್‌ಬರೋ ಇವರಿಗೆ ಚಿತ್ರೀಕರಣಕ್ಕೆ ಫಿಲ್ಮ್ ಕೊಟ್ಟರು. ತಂಡದ ಛಾಯಾಗ್ರಾಹಕ ಆಂಟನಿ ಬ್ಯಾರಿಂಗ್ಟನ್ ಬ್ರೌನ್. ಡಿಎನ್‌ಎ ಮಾದರಿಯ ಪಕ್ಕ ವಾಟ್ಸನ್ ಮತ್ತು ಕ್ರಿಕ್ ನಿಂತಿರುವ ಫೋಟೋ ನೀವು ಪಠ್ಯಪುಸ್ತಕದಲ್ಲಿ ನೋಡಿರಬಹುದು. ಅದನ್ನು ತೆಗೆದವರು ಇವರೇ.

ಈ ಹುಡುಗರು ಭಾರತ ದಾಟಿ ಅಸ್ಸಾಂನ ಲೇಡೋ ಕಡೆಯಿಂದ ಬರ್ಮಾಕ್ಕೆ ನುಗ್ಗಿದರು. ಅದು ಯುದ್ಧಕಾಲದಲ್ಲಿ ಚೀನಾಕ್ಕೆ ಸಾಮಾನು ಸಾಗಿಸೋಕೆ ಅಮೆರಿಕನ್ ಸೇನೆ ಕಾಡು ಕಡಿದು ಮಾಡಿದ ರಸ್ತೆ. ಸ್ಟಿಲ್‌ವೆಲ್ ರೋಡ್ ಅಂತಾರೆ. ಹತ್ತು ವರ್ಷದಲ್ಲಿ ಕಾಡು ಅದನ್ನು ಅರ್ಧ ನುಂಗಿಹಾಕಿತ್ತು. ಗಾಡಿಯ ಮುಂದೆ ವಿಂಚು ಕಟ್ಟಿಕೊಂಡು ಹೋಗಿದ್ದು ಅದಕ್ಕೇ. ಕೆಸರಲ್ಲಿ ಹೂತರೆ ಉಕ್ಕಿನ ಹಗ್ಗವನ್ನು ಮರಕ್ಕೆ ಕಟ್ಟಿ ಗಾಡಿ ತನ್ನನ್ನು ತಾನೇ ಎಳೆದುಕೊಳ್ಳಬೇಕು. 6 ತಿಂಗಳು 6 ದಿನಕ್ಕೆ, 1956ರ ಮಾರ್ಚ್‌ನಲ್ಲಿ ಸಿಂಗಪುರ ಮುಟ್ಟಿದರು. ಆ ಎರಡು ಗಾಡಿಗಳಲ್ಲಿ ಆಕ್ಸ್‌ಫರ್ಡ್ ಅನ್ನೋ ಗಾಡಿ ಮತ್ತೆ ಸಿಕ್ಕಿ, ರಿಪೇರಿಯಾಗಿ, 2019ರಲ್ಲಿ ಸಿಂಗಪುರದಿಂದ ಲಂಡನ್‌ಗೆ ವಾಪಸ್ ಓಡಿತು. 64 ವರ್ಷದ ಹಳೆಯ ಗಾಡಿ!

ಅವರ ಹಿಂದೆಯೇ ದಾರಿ ತೆರೆಯಿತು. 1957ರ ಏಪ್ರಿಲ್ 15ರಂದು ಇಂಡಿಯಾಮ್ಯಾನ್ ಅನ್ನೋ ಬಸ್ಸು 20 ಪ್ರಯಾಣಿಕರನ್ನು ಕೂರಿಸಿಕೊಂಡು ಲಂಡನ್‌ನಿಂದ ಹೊರಟು ಜೂನ್ 5ಕ್ಕೆ ಕಲ್ಕತ್ತಾ ತಲುಪಿತು. ಟಿಕೆಟ್ ಬೆಲೆ 85 ಪೌಂಡ್. 1960ರ ದಶಕದಲ್ಲಿ ಹಿಪ್ಪಿಗಳು ಬಂದರು. ಹಳೆಯ ಫೋಕ್ಸ್‌ವ್ಯಾಗನ್ ವ್ಯಾನು, ಹಳೆಯ ಬಸ್ಸು, ಸೇನೆ ಹರಾಜು ಹಾಕಿದ ಬೆಡ್‌ಫೋರ್ಡ್ ಲಾರಿ, ಏನು ಸಿಕ್ಕಿತೋ ಅದರೊಳಗೆ ಹಾಸಿಗೆ ಹಾಕಿಕೊಂಡು ಬಂದರು. ಇಸ್ತಾಂಬುಲ್, ಟೆಹರಾನ್, ಹೆರಾತ್, ಕಾಬೂಲ್, ಪೇಶಾವರ, ಲಾಹೋರ್, ದೆಹಲಿ. ಅಲ್ಲಿಂದ ಕೆಲವರು ಕಾಠ್ಮಂಡುವಿಗೆ, ಕೆಲವರು ಗೋವಾಕ್ಕೆ. ಗೋವಾ ತುಂಬಿದ ಮೇಲೆ ನಮ್ಮ ಗೋಕರ್ಣಕ್ಕೆ, ಹಂಪಿಗೆ ವಿದೇಶಿಯರು ಬಂದು ತಿಂಗಳುಗಟ್ಟಲೆ ಉಳಿಯತೊಡಗಿದ್ದೂ ಇದೇ ಅಲೆಯ ಮುಂದುವರಿಕೆ.

ಈ ದಾರಿಯ ಅನುಭವದಲ್ಲೇ ಗಾಡಿ ಕಟ್ಟುವ ಶಾಸ್ತ್ರ ಬೆಳೆಯಿತು. ಅದರಲ್ಲಿ ಕಲಿಯೋದು ಬೇಕಾದಷ್ಟಿದೆ. ಲಾರಿಯ ಚಾಸಿಸ್ ನೋಡೋಕೆ ಗಟ್ಟಿ ಕಬ್ಬಿಣ. ಆದರೆ ಹಳ್ಳ ದಿಣ್ಣೆಯಲ್ಲಿ ಅದು ತಿರುಚಿಕೊಳ್ಳುತ್ತೆ. ತಿರುಚಿಕೊಳ್ಳಲಿ ಅಂತಲೇ ಮಾಡಿರೋದು. ಅದರ ಮೇಲೆ ಮನೆಯಂಥ ಗಟ್ಟಿ ಪೆಟ್ಟಿಗೆಯನ್ನು ನಾಲ್ಕೂ ಮೂಲೆಗೆ ಬಿಗಿದುಬಿಟ್ಟರೆ ಪೆಟ್ಟಿಗೆ ಬಿರುಕು ಬಿಡುತ್ತೆ, ಇಲ್ಲವೇ ಚಾಸಿಸ್ ಸೀಳುತ್ತೆ. ಅದಕ್ಕೆ ನಡುವೆ ಇನ್ನೊಂದು ಚೌಕಟ್ಟು ಇಟ್ಟು, ಮೂರು ಕಡೆ ಮಾತ್ರ ಕೂರಿಸಿ, ಅಲುಗೋಕೆ ಜಾಗ ಬಿಡಬೇಕು. ಮೂರು ಕಾಲಿನ ಮಣೆ ಎಲ್ಲಿಟ್ಟರೂ ಕುಂಟೋದಿಲ್ಲ, ಅದೇ ಲೆಕ್ಕ. ಜರ್ಮನಿಯ ಯೂನಿಮಾಗ್ ಗಾಡಿಗಳ ಮೇಲೆ ಪೆಟ್ಟಿಗೆ ಕೂರಿಸುವ ಕ್ರಮ ಇದೇ. ಅಂದ ಹಾಗೆ ಯೂನಿಮಾಗ್ ಕೂಡ ಯುದ್ಧದ ನಂತರ ರೈತರಿಗಾಗಿ ಹುಟ್ಟಿದ ಗಾಡಿ. ಆಲೂಗೆಡ್ಡೆಯ ಎರಡು ಸಾಲಿನ ಅಳತೆ ಹಿಡಿದು ಅದರ ಚಕ್ರದ ಅಗಲ ಇಟ್ಟಿದ್ದರು.

ನೀರಿನ ಲೆಕ್ಕ ಇನ್ನೊಂದು. ಒಂದು ಲೀಟರ್ ನೀರು ಒಂದು ಕಿಲೋ. 100 ಲೀಟರ್ ತುಂಬಿಸಿದರೆ 100 ಕಿಲೋ. ಅದನ್ನು ಕೆಳಗೆ, ಎರಡು ಆಕ್ಸಲ್‌ಗಳ ನಡುವೆ ಇಡಬೇಕು. ಚಾವಣಿ ಮೇಲೆ ಭಾರ ಹೇರಿದರೆ ತಿರುವಿನಲ್ಲಿ ಗಾಡಿ ಮಗುಚುತ್ತೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಕೂರುತ್ತೆ. ಅದಕ್ಕೆ ಸಿಲಿಂಡರ್ ಇಡುವ ಜಾಗದ ತಳದಲ್ಲಿ ತೂತು ಇರಲೇಬೇಕು. ಮುಚ್ಚಿದ ಗಾಡಿಯೊಳಗೆ ಒಲೆ ಉರಿಸಿಕೊಂಡು ಮಲಗಿದರೆ ಕಾರ್ಬನ್ ಮಾನಾಕ್ಸೈಡ್ ಸದ್ದಿಲ್ಲದೆ ಪ್ರಾಣ ತೆಗೆಯುತ್ತೆ. ದೀಪ, ಫ್ಯಾನಿಗೆ ಬೇರೆ ಬ್ಯಾಟರಿ ಇಡಬೇಕು. ಇಲ್ಲದಿದ್ದರೆ ಬೆಳಿಗ್ಗೆ ಎಂಜಿನ್ ಶುರುವಾಗೋಕೆ ಕರೆಂಟೇ ಉಳಿದಿರೋದಿಲ್ಲ. ಒಬ್ಬ ಮನುಷ್ಯ ಗಾಡಿಯೊಳಗೆ ಕ್ಷೇಮವಾಗಿ ನಿದ್ದೆ ಮಾಡಿ ಏಳೋಕೆ ಏನೇನು ಬೇಕು ಅನ್ನೋದನ್ನು ಹೀಗೆ ಒಂದೊಂದಾಗಿ ಕಂಡುಕೊಂಡರು.

1979ರಲ್ಲಿ ಆ ದಾರಿ ಮುಚ್ಚಿತು. ಗಾಡಿಗಳ ತಪ್ಪಿನಿಂದ ಅಲ್ಲ. ವರ್ಷದ ಆರಂಭದಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು, ಡಿಸೆಂಬರ್‌ನಲ್ಲಿ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿತು. ಹಿಪ್ಪಿಗಳ ಕಾಲ ಮುಗಿಯಿತು. ಆದರೆ ಅವರು ಕಲಿತ ಶಾಸ್ತ್ರ ಉಳಿಯಿತು. ಇವತ್ತು ಜರ್ಮನಿಯಲ್ಲಿ ಕೋಟಿಗಟ್ಟಲೆ ಬೆಲೆಯ ಗಾಡಿ ಕಟ್ಟುವವರೂ ಅದನ್ನೇ ಪಾಲಿಸುತ್ತಾರೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಪ್ರವಾಸಿಗಳ ಹಾಸಿಗೆಯ ಕಥೆ. ಹಾಗಾದರೆ ಅದೇ ರಸ್ತೆಯಲ್ಲಿ ಸರಕು ಹೊತ್ತು ಓಡಾಡುತ್ತಿದ್ದವನ ಹಾಸಿಗೆ?

ಯೂನಿಮಾಗ್ ತಯಾರಿಸಿದ ಡೈಮ್ಲರ್-ಬೆಂಜ್ ಕಂಪನಿಯ ಜೊತೆ ಸೇರಿ ಟಾಟಾದವರು ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿದ್ದು 1954ರಲ್ಲಿ. ಅದೇ ಬೆಂಜ್ ಲಾರಿಗಳನ್ನು ಅಲ್ಲಿನ ಪ್ರವಾಸಿಗಳು ಮನೆ ಮಾಡಿಕೊಂಡರು. ಇಲ್ಲಿ ಏನಾಯ್ತು? ದಶಕಗಳ ಕಾಲ ಕಂಪನಿಗಳು ನಮಗೆ ಕೊಟ್ಟಿದ್ದು ಚಾಸಿಸ್, ಎಂಜಿನ್, ಮುಂದೊಂದು ಮುಖ, ಅಷ್ಟೇ. ಕ್ಯಾಬಿನ್ ಕಟ್ಟೋದು ಮಾಲೀಕನ ಜವಾಬ್ದಾರಿ. ತಮಿಳುನಾಡಿನ ನಾಮಕ್ಕಲ್, ತಿರುಚೆಂಗೋಡು, ಸಂಗಗಿರಿಯ ಶೆಡ್ಡುಗಳಲ್ಲಿ, ನಮ್ಮ ಊರುಗಳ ಗ್ಯಾರೇಜುಗಳಲ್ಲಿ ಬಡಗಿ, ವೆಲ್ಡರ್ ಸೇರಿ ಮರದ ಕ್ಯಾಬಿನ್ ಕಟ್ಟುತ್ತಿದ್ದರು. ಕೈಚಳಕಕ್ಕೆ ಕೊರತೆಯಿರಲಿಲ್ಲ. ಹೂಬಳ್ಳಿ, ಹುಲಿ, ದೇವರ ಪಟ, ಎಲ್ಲ ಇರುತ್ತಿತ್ತು. ಆದರೆ ಡ್ರೈವರ್ ಕೂರುತ್ತಿದ್ದದ್ದು ಎಂಜಿನ್ ಪಕ್ಕದಲ್ಲೇ. ಬೇಸಿಗೆಯಲ್ಲಿ ಹೊರಗೆ ಬಿಸಿಲು, ಒಳಗೆ ಎಂಜಿನ್ ಕಾವು. ಮಲಗೋಕೆ ಸೀಟಿನ ಹಿಂದೆ ಒಂದು ಹಲಗೆ. ಅದೂ ಸಾಲದಿದ್ದರೆ ಲೋಡಿನ ಮೇಲೆ, ಇಲ್ಲವೇ ಲಾರಿಯ ಕೆಳಗೆ ಹಗ್ಗದ ಜೋಲಿ ಕಟ್ಟಿಕೊಂಡು.

ಡಾಬಾ ಪಕ್ಕ ನಿಂತ ಲಾರಿಯನ್ನು ಒಮ್ಮೆ ಸರಿಯಾಗಿ ನೋಡಿ. ಟೂಲ್ ಬಾಕ್ಸಿನಲ್ಲಿ ಸ್ಟೋವ್, ಪಾತ್ರೆ, ಅಕ್ಕಿ. ಪಕ್ಕದಲ್ಲಿ ನೇತಾಡುವ ನೀರಿನ ಕ್ಯಾನು. ಕನ್ನಡಿಗೆ ಒಣಹಾಕಿದ ಟವೆಲ್. ಇದೂ ಕ್ಯಾಂಪರ್ ತಾನೆ? ಯಾವ ಎಂಜಿನಿಯರ್‌ನ ಸಹಾಯವೂ ಇಲ್ಲದೆ ಡ್ರೈವರ್, ಕ್ಲೀನರ್ ಸೇರಿ ತಾವೇ ಮಾಡಿಕೊಂಡ ಮನೆ. ಇದಕ್ಕೆ ಯಾರೂ ವ್ಯಾನ್ ಲೈಫ್ ಅಂತ ಹೆಸರಿಡಲಿಲ್ಲ ಅಷ್ಟೇ.

ಕಾನೂನು ಇರಲಿಲ್ವಾ ಅಂತ ಕೇಳ್ತೀರಾ? ಇತ್ತು. 1961ರಲ್ಲೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ಬರೆದರು. ರಾತ್ರಿ ತಂಗುವ ಕಡೆ ಮಾಲೀಕನೇ ವಿಶ್ರಾಂತಿ ಕೊಠಡಿ ಕೊಡಬೇಕು ಅಂತಲೂ ಬರೆದರು. ಆದರೆ ಅದು ಅನ್ವಯವಾಗುತ್ತಿದ್ದದ್ದು 5 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ. ಒಂದೋ ಎರಡೋ ಲಾರಿ ಇಟ್ಟುಕೊಂಡು, ಕಂತು ಕಟ್ಟುತ್ತಾ ಬದುಕುವ ಮಾಲೀಕರೇ ತುಂಬಿರುವ ದೇಶ ನಮ್ಮದು. ಆ ಡ್ರೈವರ್‌ಗೆ ಕೊಠಡಿ ಎಲ್ಲಿಂದ ಬರಬೇಕು?

ಹಣ ಇಲ್ಲ, ತಂತ್ರಜ್ಞಾನ ಇಲ್ಲ ಅನ್ನೋದೂ ಪೂರ್ತಿ ನಿಜವಲ್ಲ. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಸ್ವೀಡನ್ನಿನ ವೋಲ್ವೊ ಕಂಪನಿ 1998ರಲ್ಲೇ ಲಾರಿ ಜೋಡಿಸೋಕೆ ಶುರುಮಾಡಿತು. ಎಸಿ ಕ್ಯಾಬಿನ್ ಇರುವ ಲಾರಿ ಈ ನೆಲದಲ್ಲೇ ತಯಾರಾಗುತ್ತಿತ್ತು. ಕೊಳ್ಳುವವನಿಗೆ ಅದು ದುಬಾರಿ ಅನ್ನಿಸಿತು. ಡ್ರೈವರ್‌ನನ್ನು ಕೇಳಿದವರಿಲ್ಲ.

2023ರ ಜೂನ್‌ನಲ್ಲಿ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಲಾರಿ ಕ್ಯಾಬಿನ್‌ಗೆ ಎಸಿ ಕಡ್ಡಾಯ ಮಾಡುವುದಾಗಿ ಘೋಷಿಸಿದರು. ಡಿಸೆಂಬರ್‌ನಲ್ಲಿ ಅಧಿಸೂಚನೆ ಬಂತು. 2025ರ ಅಕ್ಟೋಬರ್ 1ರ ನಂತರ ತಯಾರಾಗುವ, 3.5 ಟನ್‌ಗಿಂತ ಹೆಚ್ಚಿನ ತೂಕದ ಎಲ್ಲ ಲಾರಿಗಳಿಗೆ ಎಸಿ ಇರಲೇಬೇಕು. ಒಳ್ಳೆಯ ಕೆಲಸ, ಒಪ್ಪೋಣ. ಆದರೆ ಟಾಟಾ-ಬೆಂಜ್ ಲಾರಿ ಬಂದು 71 ವರ್ಷ ಆದ ಮೇಲೆ! ಅದೂ ಹೊಸ ಲಾರಿಗಳಿಗೆ ಮಾತ್ರ. ಹಳೆಯ ಲಾರಿ ಓಡಿಸುವವನಿಗೆ ಅದೇ ಕಾವು.

ಯುರೋಪಿನಲ್ಲಿ ಈಗ ಚರ್ಚೆ ಎಲ್ಲಿಗೆ ಬಂದಿದೆ ಗೊತ್ತಾ? ಅಲ್ಲಿ ಲಾರಿಗಳಲ್ಲಿ ಒಳ್ಳೆಯ ಹಾಸಿಗೆಯೇ ಇದೆ. ಎಷ್ಟು ಹೊತ್ತು ಓಡಿಸಿದ ಅನ್ನೋದನ್ನು ದಾಖಲಿಸುವ ಟ್ಯಾಕೋಗ್ರಾಫ್ ಯಂತ್ರಕ್ಕೆ 1970ರಲ್ಲೇ ನಿಯಮ ಬಂತು. 2017ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವಾರದ 45 ಗಂಟೆಗಳ ಪೂರ್ಣ ವಿರಾಮವನ್ನು ಚಾಲಕ ಲಾರಿಯೊಳಗೆ ಕಳೆಯುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಕ್ಯಾಬಿನ್ ಎಷ್ಟೇ ಚೆನ್ನಾಗಿರಲಿ, ಅದು ಅವನ ಮನೆಯಲ್ಲ. ಅವನಿಗೆ ಸರಿಯಾದ ಕೋಣೆ, ಸರಿಯಾದ ಹಾಸಿಗೆ ಸಿಗಬೇಕು.

ನಮ್ಮಲ್ಲೂ ಕ್ಯಾರವಾನ್‌ಗೆ ನಿಯಮ ಇದೆ. ಎಐಎಸ್-124 ಅಂತ ಮಾನದಂಡ. ಮೇಜು, ಕುರ್ಚಿ, ಮಲಗುವ ಜಾಗ, ಅಡುಗೆಯ ವ್ಯವಸ್ಥೆ, ಸಾಮಾನಿಡುವ ಕಪಾಟು ಇದ್ದರೆ ಅದು ಮೋಟಾರ್ ಕ್ಯಾರವಾನ್. ಸ್ವಂತ ಗಾಡಿಯನ್ನು ಬದಲಾಯಿಸಿಕೊಳ್ಳಲು ಹೊರಟವರು ಒಂದು ವಿಷಯ ನೆನಪಿಡಿ. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರ್‌ಟಿಒ ಅನುಮತಿ ಕೇಳಿ, ಆಮೇಲೆ ಡ್ರಿಲ್ಲಿಂಗ್ ಮೆಷಿನ್ ಕೈಗೆ ತಗೊಳ್ಳಿ.

ಕಟ್ಟುವವರು ಕಟ್ಟಲಿ, ಸುತ್ತುವವರು ಸುತ್ತಲಿ. ಗಾಡಿಯೊಳಗೆ ಮನುಷ್ಯ ಹೇಗೆ ಸುಖವಾಗಿ ಮಲಗಬಹುದು ಅನ್ನೋ ವಿದ್ಯೆ ಜಗತ್ತಿಗೆ 1951ರಿಂದಲೇ ಗೊತ್ತಿದೆ. ಸರಕಿನ ವ್ಯಾನಿಗೆ ಒಂದು ಪೆಟ್ಟಿಗೆ ಇಟ್ಟು ಅದನ್ನು ಸಾಧಿಸಿದ್ದರು. ವಾರಕ್ಕೆರಡು ದಿನ ಮೋಜಿಗೆ ಮಲಗುವವನಿಗೆ ಅದು ಸಿಕ್ಕಿತು. ವರ್ಷಪೂರ್ತಿ ಗಾಡಿಯಲ್ಲೇ ಮಲಗುವವನ ಸರದಿ ಈಗಷ್ಟೇ ಬರುತ್ತಿದೆ.

ಇವತ್ತು ನಿಮ್ಮ ಮನೆಯ ಅಡುಗೆಮನೆಯಲ್ಲಿರುವ ಈರುಳ್ಳಿ ಯಾವುದೋ ಲಾರಿಯಲ್ಲಿ ಬಂದಿದೆ. ಅದನ್ನು ತಂದವನು ನಿನ್ನೆ ರಾತ್ರಿ ಎಲ್ಲಿ ಮಲಗಿದ್ದ? ಹೆದ್ದಾರಿಯಲ್ಲಿ ಬೆಳಗಿನ ಜಾವ ಅಪಘಾತವಾದಾಗ ಚಾಲಕ ನಿದ್ದೆಗೆ ಜಾರಿದ್ದೇ ಕಾರಣ ಅಂತ ನಾವು ಸುದ್ದಿ ಓದುತ್ತೇವೆ. ಮುಂದಿನ ಸಲ ಆ ಸುದ್ದಿ ಕೇಳಿದಾಗ ಈ ಪ್ರಶ್ನೆಯನ್ನೂ ಕೇಳಿ. ಉತ್ತರ ಕೊಡಬೇಕಾದವರು ಲಾರಿ ಮಾಲೀಕರು, ಟೋಲ್ ವಸೂಲಿ ಮಾಡುವವರು, ಸರ್ಕಾರ. ಹೆದ್ದಾರಿ ಕಟ್ಟೋಕೆ ಸಾವಿರಾರು ಕೋಟಿ ಖರ್ಚು ಮಾಡುವ ದೇಶಕ್ಕೆ ಅದರ ಪಕ್ಕದಲ್ಲಿ ಒಂದು ನೆರಳು, ಒಂದು ಶೌಚಾಲಯ, ಒಂದು ಸ್ವಚ್ಛ ಹಾಸಿಗೆ ಭಾರವಾಗಬಾರದು.